ಬಿದ್ದ ಗಾರೆಯ ಲೆಕ್ಕ

ನಾವು ಗಾರೆಯವರ ಮಕ್ಕಳು. ಅಪ್ಪ ಕರಣೆ ಹಿಡಿದವನು, ಅವ್ವ ಬಾಂಡ್ಲಿ ಹೊತ್ತವಳು. ಬೈಯಪ್ಪನಹಳ್ಳಿಯಲ್ಲಿ ರೈಲ್ವೆ ಹಳಿಯಿಂದಾಚೆಗೆ ನಮ್ಮ ಮನೆ. ಮನೆ ಅಂದರೆ ನಾಲ್ಕು ಇಟ್ಟಿಗೆ ಗೋಡೆ, ಮೇಲೊಂದು ಶೀಟು. ಆ ಜಾಗ ಮೊದಲು ತಗ್ಗು. ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುತ್ತಿತ್ತಂತೆ. ಅಪ್ಪ ತಾನು ಕೆಲಸ ಮಾಡಿದ ಕಡೆಯಿಂದ ಒಡೆದ ಗಾರೆ, ಇಟ್ಟಿಗೆ ಚೂರು, ಒಣಗಿ ಕಲ್ಲಾದ ಸಿಮೆಂಟು ತಂದು ತಂದು ತುಂಬಿಸಿ ಎತ್ತರ ಮಾಡಿದ. ಇಂದಿರಾನಗರದ ಯಾರ ಮನೆಯ ಗೋಡೆಯೋ ನಮ್ಮ ಮನೆಯ ತಳಪಾಯ. ಅವರು ಬೇಡ ಅಂತ ಬಿಸಾಡಿದ್ದರ ಮೇಲೆ ನಾವು ಚಾಪೆ ಹಾಸಿ ಮಲಗಿದೆವು, ಓದಿದೆವು, ಪಾಸಾದೆವು.

ಹಾಗಾಗಿ 'ಕಟ್ಟಡ ತ್ಯಾಜ್ಯ' ಅನ್ನೋ ಮಾತು ಕೇಳಿದಾಗ ನಮಗೆ ನಗುವೂ ಬರುತ್ತೆ, ಸಿಟ್ಟೂ ಬರುತ್ತೆ.

ಡಿಗ್ರಿ ಮುಗಿಸಿದ ವರ್ಷ ಗೆಳೆಯರೆಲ್ಲ ಸೇರಿ ಒಂದು ಪರಿಸರ ಸಭೆ ಮಾಡಿದೆವು. ನಾವು ಭಾಷಣ ಮಾಡಿದೆವು. ಸಿಮೆಂಟಿನಿಂದ ಭೂಮಿ ಬಿಸಿಯಾಗುತ್ತಿದೆ, ಮರಳಿಗಾಗಿ ಹೊಳೆ ಬಗೆಯುತ್ತಿದ್ದಾರೆ, ಪ್ಲಾಸ್ಟರಿಂಗ್ ಮಾಡುವಾಗ ಸುಮ್ಮನೆ ಬಿದ್ದು ಹಾಳಾಗುವ ಮಾಲನ್ನು ಕಡಿಮೆ ಮಾಡಬೇಕು ಅಂತೆಲ್ಲ ಹೇಳಿದೆವು. ಪುಸ್ತಕದ ಮಾತು, ಚಪ್ಪಾಳೆಯೂ ಬಿತ್ತು. ಅಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದ. ಮನೆಗೆ ಬರುವಾಗ ದಾರೀಲಿ ಕೇಳಿದ:

'ಎಲ್ಲ ಸರಿ ಕಣಪ್ಪಾ. ಗಾರೆ ಬೀಳೋದು ಯಾಕೆ ಅಂತ ಹೇಳ್ಲೇ ಇಲ್ವಲ್ಲ ನೀನು? ಬಿದ್ದಿದ್ದನ್ನ ಯಾರು ಎತ್ತುತ್ತಾರೆ ಅಂತಾನೂ ಹೇಳ್ಲಿಲ್ಲ.'

ಉತ್ತರ ಇರಲಿಲ್ಲ. ಈ ಬರಹ ಆ ಎರಡು ಪ್ರಶ್ನೆಗೆ ನಾವು ತಡವಾಗಿ ಹುಡುಕಿದ ಉತ್ತರ.

ಗಾರೆ ಬೀಳೋದು ಯಾಕೆ? ಮೊದಲನೇ ಕಾರಣ ಗಾರೆಯಲ್ಲಿ ಇಲ್ಲ, ಗೋಡೆಯಲ್ಲಿದೆ. ಇಟ್ಟಿಗೆ ಕಟ್ಟುವವನು ತೂಕದ ಗುಂಡು ಬಿಟ್ಟು ನೋಡದೆ ಅವಸರದಲ್ಲಿ ಕಟ್ಟಿದರೆ ಗೋಡೆ ಸೊಟ್ಟಗಾಗುತ್ತೆ. ಆ ಸೊಟ್ಟ ಮುಚ್ಚೋದಕ್ಕೆ ಗಾರೆ ದಪ್ಪ ಹಾಕಬೇಕು. ಮನೆಯ ಒಳಗೋಡೆಗೆ 12 ಮಿಲಿಮೀಟರ್ ಗಾರೆ ಸಾಕು. ಸೊಟ್ಟ ಗೋಡೆಗೆ ಅದು 20 ಆಗುತ್ತೆ, ಕೆಲವು ಕಡೆ 25 ಆಗುತ್ತೆ. ಎಂಟು ಮಿಲಿಮೀಟರ್ ಅಂದರೆ ಎಷ್ಟು ಮಹಾ ಅನ್ನಿಸಬಹುದು. ಕೂತು ಲೆಕ್ಕ ಹಾಕಿದೆವು. ಒಂದು ಮನೆಗೆ ಒಳಗಾರೆ ನಾಲ್ಕು ಸಾವಿರ ಚದರಡಿ ಅಂತ ಇಟ್ಟುಕೊಳ್ಳಿ. ಎಂಟು ಮಿಲಿಮೀಟರ್ ಹೆಚ್ಚಾದರೆ ಹೆಚ್ಚು ಕಡಿಮೆ ಮೂರು ಘನ ಮೀಟರ್ ಗಾರೆ ಹೆಚ್ಚು ಬೇಕು. ಒಂದಕ್ಕೆ ಆರರ ಮಾಲಾದರೆ ಅದರಲ್ಲಿ ಸುಮಾರು 16 ಮೂಟೆ ಸಿಮೆಂಟು ಇರುತ್ತೆ. ತೂಕ ಹತ್ತಿರ ಹತ್ತಿರ ಆರು ಟನ್. ಬಾಂಡ್ಲಿಗೆ 20 ಕೆ.ಜಿ. ಹಿಡಿದರೆ 300 ಬಾಂಡ್ಲಿ.

ಆ 300 ಬಾಂಡ್ಲಿ ಯಾರ ತಲೆ ಮೇಲೆ ಸಾರ್ವೆ ಹತ್ತಿತು? ಇಂಜಿನಿಯರ ತಲೆ ಮೇಲೆ ಅಲ್ಲ, ಮನೆ ಯಜಮಾನನ ತಲೆ ಮೇಲೂ ಅಲ್ಲ. ನಮ್ಮವ್ವನ ತಲೆ ಮೇಲೆ. ಕಟ್ಟುವವನ ಎಂಟು ಮಿಲಿಮೀಟರ್ ಸೊಟ್ಟ ಅವ್ವನ ಕತ್ತಿನ ಮೂಳೆಯಲ್ಲಿ ಇವತ್ತೂ ಇದೆ.

ಎರಡನೇ ಕಾರಣ ಕಲಸೋದರಲ್ಲಿದೆ. ಸಿಮೆಂಟಿಗೆ ನೀರು ಬಿದ್ದ ಕ್ಷಣದಿಂದ ಗಡಿಯಾರ ಓಡುತ್ತೆ. ಅರ್ಧ ಗಂಟೆ ಆದಮೇಲೆ ಅದು ಹಿಡಿಯೋದಕ್ಕೆ ಶುರುವಾಗಬಹುದು. ಊಟಕ್ಕೆ ಮುಂಚೆ ಒಂದು ದೊಡ್ಡ ರಾಶಿ ಕಲಸಿಬಿಟ್ಟರೆ ಊಟ ಮುಗಿಸಿ ಬರೋ ಹೊತ್ತಿಗೆ ಅದು ಬಿಗಿದಿರುತ್ತೆ. ಅದಕ್ಕೆ ಮತ್ತೆ ನೀರು ಹಾಕಿ ಮಿದ್ದರೆ ಮೆತ್ತಗಾಗುತ್ತೆ, ಶಕ್ತಿ ಇರಲ್ಲ. ನಮ್ಮ ಕಡೆ ಅದಕ್ಕೆ 'ಸತ್ತ ಮಾಲು' ಅಂತಾರೆ. ಸತ್ತ ಮಾಲು ಬಳಿದ ಗೋಡೆ ಕೈಯಲ್ಲಿ ತಟ್ಟಿದರೆ ಡಬ್‌ಡಬ್ ಅನ್ನುತ್ತೆ, ಎರಡು ಮಳೆಗಾಲಕ್ಕೆ ಪದರ ಪದರ ಉದುರುತ್ತೆ. ಆಗ ಮತ್ತೆ ಕೆತ್ತು, ಮತ್ತೆ ಹೊರು, ಮತ್ತೆ ಬಳಿ. ಹಿಂದೆ ಸುಣ್ಣದ ಗಾರೆ ಇದ್ದಾಗ ಈ ಅವಸರ ಇರಲಿಲ್ಲ. ಅರೆದ ಸುಣ್ಣದ ಗಾರೆ ಮಾರನೆ ದಿನಕ್ಕೂ ಬರುತ್ತಿತ್ತು. ತಾತನ ಕಾಲದ ಮಾತು ಅಂತ ಅಪ್ಪ ಹೇಳ್ತಾನೆ.

ಮೂರನೇದು ಬಳಿಯುವಾಗ ಬೀಳೋದು. ಗೋಡೆ ಒಣಗಿದ್ದರೆ ಅದು ಗಾರೆಯ ನೀರು ಹೀರಿಬಿಡುತ್ತೆ, ಗಾರೆ ಕಚ್ಚಲ್ಲ. ಮರಳು ಜರಡಿ ಹಿಡಿಯದಿದ್ದರೆ ಕಲ್ಲು ಸಿಕ್ಕಿ ಜಾರುತ್ತೆ. ಎಷ್ಟೇ ಕೈ ಪಳಗಿದವನಾದರೂ ಸ್ವಲ್ಪ ಬಿದ್ದೇ ಬೀಳುತ್ತೆ. ಗೋಡೆ ಬುಡಕ್ಕೆ ಒಂದು ತಗಡೋ ಹಲಗೆಯೋ ಟಾರ್ಪಾಲೋ ಹಾಸಿದ್ದರೆ ಬಿದ್ದದ್ದನ್ನು ಆಗಲೇ ಎತ್ತಿ ಮತ್ತೆ ಬಳಿಯಬಹುದು. ಹಾಸದಿದ್ದರೆ ಅದು ಧೂಳು, ಬೀಡಿ ತುಂಡು, ಇಟ್ಟಿಗೆ ಪುಡಿಯ ಜೊತೆ ಸೇರಿ ಸಂಜೆಗೆ ಕಲ್ಲಾಗುತ್ತೆ.

ನಾಲ್ಕನೇದಕ್ಕೆ ಅಪ್ಪ ಬಹಳ ಉರಿದುಕೊಳ್ಳುತ್ತಾನೆ. ಗಾರೆ ಮುಗಿಸಿ, ನೀರು ಹೊಡೆದು ಕ್ಯೂರಿಂಗ್ ಮಾಡಿ, ನುಣ್ಣಗೆ ಕನ್ನಡಿ ಮಾಡಿ ಇಟ್ಟ ಗೋಡೆಗೆ ಮಾರನೆ ವಾರ ಎಲೆಕ್ಟ್ರಿಷಿಯನ್ ಬಂದು ಮೆಷಿನ್ ಹಚ್ಚಿ ಸೀಳುತ್ತಾನೆ. ಪೈಪು ಹಾಕೋದು ಮರೆತುಹೋಗಿತ್ತಂತೆ. ಅವನು ಹೋದಮೇಲೆ ಪ್ಲಂಬರ್ ಬರುತ್ತಾನೆ. ಅವನೂ ಹೋದಮೇಲೆ ವಾಸ್ತು ಹೇಳುವವನು ಬರುತ್ತಾನೆ. ಬಾಗಿಲು ಈ ಮೂಲೆಗೆ ಬೇಡ, ಆ ಮೂಲೆಗೆ ಅಂತಾನೆ. ಹಸಿ ಆರದ ಗೋಡೆ ಉರುಳುತ್ತೆ. ದೇವರ ದಿಕ್ಕು ಸರಿಹೋಯಿತು. ಉರುಳಿದ ಗೋಡೆಗೆ ಮಾತ್ರ ದಿಕ್ಕಿಲ್ಲ.

ಈಗ ಇದರ ಜೊತೆಗೆ ಜಿಪ್ಸಮ್ ಬಂದಿದೆ. ಬೆಳ್ಳಗೆ, ಹಗುರ, ನೀರು ಹೊಡೆದು ದಿನಗಟ್ಟಲೆ ಕ್ಯೂರಿಂಗ್ ಮಾಡುವ ಹಾಗಿಲ್ಲ. ನೀರು ಉಳಿಯುತ್ತೆ, ಅದು ಒಳ್ಳೇದೇ. ಆದರೆ ಅದು ಸಿಮೆಂಟಿಗಿಂತ ಬೇಗ ಹಿಡಿಯುತ್ತೆ. ತಟ್ಟೆಯಲ್ಲೇ ಗಟ್ಟಿಯಾಗಿ ಹೋಗುವ ಮಾಲು ಬಹಳ. ಆ ಬಿಳಿ ಚೂರನ್ನು ಊಟದ ಕಸ, ಹಸಿ ಕಸದ ಜೊತೆ ಗುಂಡಿಗೆ ಹಾಕಿ ಮುಚ್ಚಿದರೆ, ಗಾಳಿ ಇಲ್ಲದ ಜಾಗದಲ್ಲಿ ಅದರಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತೆ. ಕೊಳೆತ ಮೊಟ್ಟೆ ವಾಸನೆಯ ಅನಿಲ, ವಿಷ. ಬೇರೆ ಮಾಡಿ ಒಣಗಿಸಿಟ್ಟರೆ ಇದೇ ಜಿಪ್ಸಮ್ ಮತ್ತೆ ಪುಡಿಯಾಗಿ ಕೆಲಸಕ್ಕೆ ಬರುತ್ತೆ. ಬೆರೆಸಿದರೆ ವಿಷ, ಬೇರೆ ಇಟ್ಟರೆ ಮಾಲು. ಮನುಷ್ಯರ ವಿಷಯದಲ್ಲಿ ಈ ದೇಶ ಉಲ್ಟಾ ಮಾಡಿಕೊಂಡು ಬಂತು. ಬೇರೆ ಇಡಬಾರದವರನ್ನು ಬೇರೆ ಇಟ್ಟಿತು. ಬೇರೆ ಇಡಬೇಕಾದ ಕಸವನ್ನು ಒಟ್ಟಿಗೆ ಸುರಿಯಿತು.

ಇನ್ನು ಎರಡನೇ ಪ್ರಶ್ನೆ. ಬಿದ್ದಿದ್ದನ್ನ ಯಾರು ಎತ್ತುತ್ತಾರೆ?

ಸಂಜೆ ಆರಕ್ಕೆ ಮೇಸ್ತ್ರಿಗಳು ಕೈಕಾಲು ತೊಳೆಯುತ್ತಾರೆ. ಹೆಣ್ಣಾಳುಗಳು ಆಗ ಪೊರಕೆ ಹಿಡಿಯುತ್ತಾರೆ. ಅದಕ್ಕೆ ಬೇರೆ ಕೂಲಿ ಇಲ್ಲ. ಬೆಳಗ್ಗೆ ಮೇಲಕ್ಕೆ ಹೊತ್ತ ಅದೇ ಗಾರೆಯನ್ನು ಸಂಜೆ ಕೆಳಕ್ಕೆ ಹೊರಬೇಕು. ಒಂದು ಸಲ ಮಾಲಾಗಿ, ಇನ್ನೊಂದು ಸಲ ಕಸವಾಗಿ. ಗುಡಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಶ್ವಾಸಕೋಶಕ್ಕೆ ಹೋಗಿ ಕೂತರೆ ಮತ್ತೆ ಈಚೆಗೆ ಬರಲ್ಲ. ಸಿಲಿಕೋಸಿಸ್ ಅನ್ನೋ ಕಾಯಿಲೆಗೆ ವಾಸಿ ಮಾಡೋ ಔಷಧಿ ಇಲ್ಲ. ಗುಡಿಸುವ ಮುಂಚೆ ನೀರು ಚಿಮುಕಿಸಿದರೆ ಧೂಳು ಬಹಳ ಮಟ್ಟಿಗೆ ಕೂರುತ್ತೆ. ಒಂದು ಬಕೆಟ್ ನೀರು, ಐದು ನಿಮಿಷ. ಆ ಐದು ನಿಮಿಷಕ್ಕೆ ಕೂಲಿ ಕೊಡುವವರು ಯಾರು?

ಒಂದು ದಿನ ಅವ್ವ ರೇಷನ್ ಅಂಗಡಿಯಿಂದ ಬರಿಗೈಲಿ ವಾಪಸು ಬಂದಳು. ಬೆರಳಚ್ಚಿನ ಮೆಷಿನ್ನಿಗೆ ಅವಳ ಬೆರಳು ಹತ್ತಲಿಲ್ಲವಂತೆ. ಹೆಬ್ಬೆರಳಿಟ್ಟಳು, ತೋರುಬೆರಳಿಟ್ಟಳು, ಸೀರೆಗೆ ಒರೆಸಿ ಮತ್ತೆ ಇಟ್ಟಳು. ಹಸಿ ಸಿಮೆಂಟು ಸುಣ್ಣದ ಹಾಗೆ ಕ್ಷಾರ, ಚರ್ಮ ಸುಡುತ್ತೆ. ಮೇಲೆ ಮರಳು ಉಜ್ಜುತ್ತೆ. ಇಪ್ಪತ್ತು ವರ್ಷ ಬರಿಗೈಯಲ್ಲಿ ಗಾರೆ ತುಂಬಿದ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತೆ? 'ನನ್ ಬೆರಳು ನಂದಲ್ವಂತೆ ಕಣೋ' ಅಂತ ಅವ್ವ ನಕ್ಕಳು. ನಾವು ನಗಲಿಲ್ಲ. ಸಭೆಯಲ್ಲಿ ಪರಿಸರ ಪರಿಸರ ಅಂತ ಕೂಗಿದ್ದೆವಲ್ಲ, ಆ ಪರಿಸರದೊಳಗೆ ಅವ್ವನ ಅಂಗೈ ಇರಲಿಲ್ಲ ಅಂತ ಆವತ್ತು ಗೊತ್ತಾಯಿತು.

ಹೊತ್ತು ಹೊರಗೆ ಹಾಕಿದ ಮೇಲೆ ಅದು ಎಲ್ಲಿಗೆ ಹೋಗುತ್ತೆ? ರಾತ್ರಿ ಲಾರಿ ಬರುತ್ತೆ. ಖಾಲಿ ಸೈಟು, ರಾಜಕಾಲುವೆ, ಕೆರೆ ಅಂಚು, ಎಲ್ಲಿ ಕತ್ತಲಿದೆಯೋ ಅಲ್ಲಿ ಸುರಿಯುತ್ತೆ. ಬೆಂಗಳೂರಿನ ಕೆರೆಗಳು ಚಿಕ್ಕದಾದದ್ದರಲ್ಲಿ ಈ ಡೆಬ್ರಿಸ್‌ದೂ ಪಾಲಿದೆ. ಕಾಲುವೆ ಕಟ್ಟಿಕೊಂಡರೆ ಮಳೆನೀರು ನುಗ್ಗೋದು ಮೊದಲು ತಗ್ಗಿನಲ್ಲಿರುವ ಮನೆಗೆ. ತಗ್ಗಿನಲ್ಲಿ ಯಾರು ಇರುತ್ತಾರೆ ಅಂತ ಈ ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದಾಗ ಕೆರೆ ಮೈಲಿಗೆಯಾಯಿತು ಅಂತ ಹೊಡೆದಾಡಿದರು, ಗಂಜಲ ಸುರಿದು ಶುದ್ಧ ಮಾಡಿದರು. ಇವತ್ತು ಲಾರಿಗಟ್ಟಲೆ ಗಾರೆ ಸುರಿದರೆ ಯಾವ ಕೆರೆಯೂ ಮೈಲಿಗೆಯಾಗಲ್ಲ. ಮನುಷ್ಯನ ಕೈಗೆ ಇದ್ದ ಮೈಲಿಗೆ ಲಾರಿಯ ಟೈರಿಗೆ ಇಲ್ಲ.

ಕಾನೂನು ಇಲ್ಲವೇ? ಇದೆ ಸ್ವಾಮಿ. 2016ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಕಟ್ಟಡ ತ್ಯಾಜ್ಯಕ್ಕೇ ಅಂತ ನಿಯಮ ತಂದಿತು. ಕಾಂಕ್ರೀಟು, ಮಣ್ಣು, ಕಬ್ಬಿಣ, ಮರ, ಇಟ್ಟಿಗೆ-ಗಾರೆ ಬೇರೆ ಬೇರೆ ಇಡಬೇಕು, ಚರಂಡಿಗೆ ರಸ್ತೆಗೆ ಹಾಕಬಾರದು ಅಂತ ಬರೆಯಿತು. ದಿನಕ್ಕೆ 20 ಟನ್ನಿಗಿಂತ ಅಥವಾ ತಿಂಗಳಿಗೆ 300 ಟನ್ನಿಗಿಂತ ಹೆಚ್ಚು ಕಸ ಮಾಡುವವರು ಮೊದಲೇ ಯೋಜನೆ ಕೊಟ್ಟು ಒಪ್ಪಿಗೆ ಪಡೆಯಬೇಕು ಅಂದಿತು. ಸರ್ಕಾರಿ ಕೆಲಸಗಳಲ್ಲಿ ಶೇಕಡಾ 10ರಿಂದ 20ರಷ್ಟು ಈ ಕಸದಿಂದ ಮಾಡಿದ ಸಾಮಾನು ಬಳಸಬೇಕು ಅಂತಲೂ ಅಂದಿತು. 2025ರ ಏಪ್ರಿಲಿನಲ್ಲಿ ಅದರ ಜಾಗಕ್ಕೆ ಹೊಸ ನಿಯಮ ಪ್ರಕಟವಾಯಿತು, 2026ರ ಏಪ್ರಿಲ್ 1ರಿಂದ ಜಾರಿ ಅಂತ. 20,000 ಚದರ ಮೀಟರಿನಷ್ಟು ಅಥವಾ ಅದಕ್ಕಿಂತ ದೊಡ್ಡ ಕಟ್ಟಡ ಕಟ್ಟುವವರು ತಮ್ಮ ಕಸಕ್ಕೆ ತಾವೇ ಹೊಣೆ ಅನ್ನೋದು ಅದರಲ್ಲಿದೆ. ಒಳ್ಳೇದು. ಆದರೆ ಬೆಂಗಳೂರನ್ನು ಕಟ್ಟುತ್ತಿರುವುದು ಬರೀ ದೊಡ್ಡ ಕಟ್ಟಡವಲ್ಲ. ಮೂವತ್ತು ನಲವತ್ತರ ಸೈಟಿನ ಸಾವಿರಾರು ಮನೆ. ಆ ಮನೆಯ ಸಂಜೆಯ ಬಾಂಡ್ಲಿಗೆ ಯಾರು ಹೊಣೆ?

ಬೈಯಪ್ಪನಹಳ್ಳಿಯಲ್ಲೇ ಕಣ್ಣೆದುರಿಗೆ ಎಷ್ಟು ಕಟ್ಟಿದರು, ಎಷ್ಟು ಕೆಡವಿದರು! ಎನ್‌ಜಿಇಎಫ್ ಕಾರ್ಖಾನೆ 2002ರಲ್ಲಿ ಮುಚ್ಚಿತು. 2011ರ ಅಕ್ಟೋಬರ್ 20ರಂದು ಇಲ್ಲಿಂದ ಎಂ.ಜಿ. ರಸ್ತೆಗೆ ನಗರದ ಮೊದಲ ಮೆಟ್ರೋ ಓಡಿತು. 2022ರ ಜೂನಿನಿಂದ ವಿಶ್ವೇಶ್ವರಯ್ಯ ಟರ್ಮಿನಲ್ಲಿಗೆ ರೈಲು ಬರುತ್ತಿವೆ. ಬಂಗಾಳ, ಬಿಹಾರ, ಅಸ್ಸಾಮಿನ ರೈಲು. ಚೀಲ ಹೊತ್ತು ಇಳಿಯುವ ಹುಡುಗರಲ್ಲಿ ಬಹಳ ಜನ ನೇರ ಕಟ್ಟಡದ ಕೆಲಸಕ್ಕೇ ಹೋಗುತ್ತಾರೆ. ಇತ್ತ ರಾಯಚೂರು, ಯಾದಗಿರಿ, ಕಲಬುರಗಿಯಿಂದ ನಮ್ಮವರು ಸಂಸಾರ ಸಮೇತ ಬರುತ್ತಾರೆ. ಸೇಡಂ, ಮಳಖೇಡ, ವಾಡಿಯ ಸುಣ್ಣಕಲ್ಲು ಸುಟ್ಟು ಸಿಮೆಂಟು ಮಾಡುತ್ತಾರೆ. ಆ ಸಿಮೆಂಟೂ ಬರುತ್ತೆ, ಆ ನೆಲದ ಜನವೂ ಬರುತ್ತಾರೆ. ಸುಣ್ಣಕಲ್ಲು ಸುಡುವಾಗ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಹೊರಡುತ್ತೆ. ಸುಡುವ ಕಲ್ಲಿದ್ದಲಿನದು ಬೇರೆ. ಜಗತ್ತಿನಲ್ಲಿ ಮನುಷ್ಯ ಗಾಳಿಗೆ ಬಿಡುವ ಈ ಅನಿಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದು. ಒಂದು ಟನ್ ಸಿಮೆಂಟಿಗೆ ಅರ್ಧ ಟನ್ನಿಗಿಂತ ಹೆಚ್ಚು ಅಂತ ಹಿಡಿದರೂ, ಆ ಸೊಟ್ಟ ಗೋಡೆಯ 16 ಮೂಟೆಗೆ 400 ಕೆ.ಜಿ. ದಾಟುತ್ತೆ. ಬಿಸಿಲು ಜಾಸ್ತಿಯಾಯಿತು ಅಂತ ಎ.ಸಿ. ಹಾಕಿಸಿಕೊಳ್ಳುವವರು ಒಬ್ಬರು, ಆ ಬಿಸಿಲಲ್ಲೇ ಸಾರ್ವೆ ಮೇಲೆ ನಿಲ್ಲುವವರು ಇನ್ನೊಬ್ಬರು.

ಹಾಗಾದರೆ ಗಾರೆಯೇ ಬೇಡ ಅನ್ನಬಹುದಲ್ಲ? ಹಾಗೆ ಅಂದವರೂ ಇದ್ದಾರೆ. ಕೇರಳದಲ್ಲಿ ಮನೆ ಕಟ್ಟಿದ ಲಾರಿ ಬೇಕರ್ ಇಟ್ಟಿಗೆ ಗೋಡೆಗೆ ಗಾರೆ ಬಳಿಯೋದೇ ದಂಡ ಅಂತ ತಿಳಿದವರು, ಇಟ್ಟಿಗೆ ಕಾಣುವ ಹಾಗೇ ನೂರಾರು ಕಟ್ಟಡ ಕಟ್ಟಿದರು. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೇ 1974ರಲ್ಲಿ ಹಳ್ಳಿಗಾಡಿಗೆ ವಿಜ್ಞಾನ ಒಯ್ಯಲು 'ಅಸ್ತ್ರ' ಕೇಂದ್ರ ಶುರುವಾಯಿತು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ ಅಲ್ಲಿ ಬೆಳೆಯಿತು. ಸುಡಬೇಕಾಗಿಲ್ಲ, ಅಂಚು ನೇರ ಇರುತ್ತೆ, ಗಾರೆ ಇಲ್ಲದೆಯೂ ನಿಲ್ಲುತ್ತೆ.

ಇದನ್ನೆಲ್ಲ ಓದಿ ಬಂದು ಮನೆಯಲ್ಲಿ ಹೇಳಿದೆವು: 'ನಮ್ಮನೆ ಗೋಡೆಗೆ ಗಾರೆ ಬೇಡ, ಹಿಂಗೇ ಇರ್ಲಿ. ದೊಡ್ಡ ದೊಡ್ಡೋರೇ ಹಿಂಗೆ ಇಡ್ತಾರೆ.'

ಅವ್ವ ಸುಮ್ಮನೆ ನೋಡಿದಳು. ಆಮೇಲೆ ಅಂದಳು: 'ಊರೋರ ಗೋಡೆಗೆಲ್ಲ ನಾನು ಗಾರೆ ಹೊತ್ತೆ. ನನ್ ಗೋಡೆ ಮಾತ್ರ ಬೆತ್ಲೆ ಇರ್ಬೇಕಾ?'

ಮೈಯೆಲ್ಲ ಜುಮ್ ಅಂತು. ನಮಗೆ ನೆನಪಾಯಿತು. ಶಾಲೆಯ ಗೆಳೆಯರನ್ನು ಮನೆಗೆ ಕರೆಯದೇ ಇದ್ದದ್ದು ಈ ಗೋಡೆಗೇ ನಾಚಿ. ಸಾಹುಕಾರನ ಗೋಡೆ ಬೆತ್ತಲೆ ಇದ್ದರೆ ಕಲೆ ಅಂತಾರೆ. ಬಡವನ ಗೋಡೆ ಬೆತ್ತಲೆ ಇದ್ದರೆ ಗತಿಗೆಟ್ಟವನು ಅಂತಾರೆ. ಕೇರಿಯಲ್ಲಿ 'ಗಾರೆ ಮಾಡಿಸಿದ' ಅಂದರೆ ಒಬ್ಬ ಮನುಷ್ಯ ತಲೆ ಎತ್ತಿದ ಅಂತ ಅರ್ಥ. ಬೇಕರ್ ಹೇಳಿದ್ದು ಸುಳ್ಳಲ್ಲ. ಅವ್ವ ಹೇಳಿದ್ದೂ ಸುಳ್ಳಲ್ಲ. ಉಳಿಸುವ ಪಾಠವನ್ನು ಉಂಡು ಮಿಕ್ಕವರಿಗೆ ಮೊದಲು ಹೇಳಬೇಕು, ಇನ್ನೂ ಎಲೆ ಹಾಕದವರಿಗಲ್ಲ. ನಾವು ಮಾಡಿದ ತಪ್ಪು ಅದು. ಒಪ್ಪಿಕೊಳ್ಳುತ್ತೇವೆ.

ಇನ್ನೊಂದು ಮಾತು ಅಪ್ಪನದು. 'ಗಾರೆ ಉಳಿಸಿದ್ರೆ ನಂಗೇನು ಸಿಗ್ತದೆ?' ಅಂದ. ಸ್ವಾರ್ಥದ ಪ್ರಶ್ನೆ ಅಂತ ಮೊದಲು ಅನ್ನಿಸಿತು. ಯೋಚಿಸಿದರೆ ಅದೇ ಮುಖ್ಯ ಪ್ರಶ್ನೆ. ಗಾರೆ ಕೆಲಸ ಚದರದ ಲೆಕ್ಕದ ಗುತ್ತಿಗೆ. ಎಷ್ಟು ಚದರ ಬಳಿದೆಯೋ ಅಷ್ಟು ದುಡ್ಡು. ಮಾಲು ಯಜಮಾನನದು. ತಗಡು ಹಾಸೋದು, ಗೋಡೆ ನೆನೆಸೋದು, ಸ್ವಲ್ಪ ಸ್ವಲ್ಪ ಕಲಸೋದು, ಬಿದ್ದದ್ದನ್ನು ಎತ್ತೋದು, ಎಲ್ಲಕ್ಕೂ ಹೊತ್ತು ಬೇಕು. ಆ ಹೊತ್ತು ಆಳಿನದು, ಉಳಿದ ಸಿಮೆಂಟು ಯಜಮಾನನದು. ಇಂಥ ಲೆಕ್ಕದಲ್ಲಿ ಆಳು ಅವಸರ ಮಾಡದೆ ಇನ್ನೇನು ಮಾಡಬೇಕು? 'ಕೂಲಿಯವರಿಗೆ ತಿಳಿವಳಿಕೆ ಇಲ್ಲ' ಅಂತ ವರದಿ ಬರೆಯುವವರಿಗೆ ಈ ಲೆಕ್ಕ ತಿಳಿದಿಲ್ಲ. ಅಪ್ಪನಿಗೆ ಎಲ್ಲ ತಿಳಿದಿದೆ. ತಿಳಿವಳಿಕೆಗೆ ಕೂಲಿ ಇಲ್ಲ, ಅಷ್ಟೇ.

ಹಾಗಾಗಿ ಗೆಳೆಯರೇ, ನಾವು ಕೇಳುವುದು ಇಷ್ಟು. ಉಳಿಸುವ ಕೆಲಸವನ್ನೂ ಕೆಲಸ ಅಂತ ಎಣಿಸಲಿ. ಹಾಸುವ, ನೆನೆಸುವ, ಎತ್ತುವ ಹೊತ್ತಿಗೆ ಕೂಲಿ ಸೇರಿಸಲಿ. ಉಳಿದ ಮೂಟೆಯ ದುಡ್ಡಿನಲ್ಲಿ ಆಳಿಗೂ ಪಾಲಿರಲಿ. ಗೋಡೆ ಗುಂಡಿಗೆ ಸರಿಯಿದೆಯೇ ಅಂತ ನೋಡದೆ, ಪೈಪು ಹಾಕಿಸದೆ ಗಾರೆಗೆ ಆಳು ಕರೆಯಬೇಡಿ. ಅವ್ವಂದಿರ ಕೈಗೆ ಗ್ಲೌಸು, ಮೂಗಿಗೆ ಮಾಸ್ಕು, ಗುಡಿಸುವ ಮುಂಚೆ ಒಂದು ಬಕೆಟ್ ನೀರು, ಇದು ಯಾರ ದಾನವೂ ಅಲ್ಲ. ಕಟ್ಟಡದ ಖರ್ಚಿನಲ್ಲಿ ಶೇಕಡಾ ಒಂದು ಸೆಸ್ಸು ಕಾರ್ಮಿಕರ ಹೆಸರಿನಲ್ಲಿ ವಸೂಲಿ ಮಾಡಬೇಕು ಅಂತ 1996ರಲ್ಲೇ ಕಾನೂನಾಯಿತು. ಕರ್ನಾಟಕದಲ್ಲಿ ಕಲ್ಯಾಣ ಮಂಡಳಿ ಬಂದದ್ದು 2007ರಲ್ಲಿ. ಆ ಕಾರ್ಡು ಮಾಡಿಸಿಕೊಳ್ಳದ ಎಷ್ಟೋ ಜನ ನಮ್ಮ ಕೇರಿಯಲ್ಲೇ ಇದ್ದಾರೆ. ವಿದ್ಯಾರ್ಥಿ ಗೆಳೆಯರು ಒಂದು ಭಾನುವಾರ ಕೂತು ಅರ್ಜಿ ತುಂಬಿಕೊಡಬಹುದು. ಹಳ್ಳಿಯ ಮೇಷ್ಟ್ರುಗಳು ತಮ್ಮ ಶಾಲೆಯ ಕೊಠಡಿ ಕಟ್ಟುವಾಗ ಒಂದು ದಾರಕ್ಕೆ ಗುಂಡು ಕಟ್ಟಿ ಗೋಡೆಗೆ ಇಳಿಬಿಟ್ಟು ನೋಡಬಹುದು. ಸಂಜೆ ಎಷ್ಟು ಬಾಂಡ್ಲಿ ಕಸ ಹೊರಗೆ ಹೋಯಿತು ಅಂತ ಎಣಿಸಿ ಕಪ್ಪುಹಲಗೆ ಮೇಲೆ ಬರೆಯಬಹುದು. ಅದಕ್ಕಿಂತ ಒಳ್ಳೆ ಗಣಿತದ ಪಾಠ, ಸಮಾಜದ ಪಾಠ ಯಾವುದಿದೆ?

ಕಡೆಗೆ ನಮ್ಮ ಮನೆಗೂ ಗಾರೆ ಆಯಿತು. ಜಗಳ ಆಡಿ ಆಡಿ ಒಂದು ರಾಜಿಗೆ ಬಂದೆವು. ಒಳಗೆ ಮತ್ತು ಬೀದಿ ಕಡೆಯ ಗೋಡೆಗೆ ಗಾರೆ, ಹಿಂದಿನ ಗೋಡೆಗೆ ಬರೀ ಸಂದು ತುಂಬಿಸೋದು. ಅಪ್ಪನೇ ಮೇಸ್ತ್ರಿ. ಅವಸರ ಮಾಡುವ ಕಂಟ್ರಾಕ್ಟರ್ ಇರಲಿಲ್ಲ. ಹಿಂದಿನ ದಿನವೇ ಗೋಡೆ ನೆನೆಸಿದ. ಬುಡಕ್ಕೆ ಹಳೇ ಟಾರ್ಪಾಲು ಹಾಸಿದ. ಅರ್ಧ ಮೂಟೆಗಿಂತ ಹೆಚ್ಚು ಒಂದು ಸಲಕ್ಕೆ ಕಲಸೋದಕ್ಕೆ ಬಿಡಲಿಲ್ಲ. ಬಿದ್ದದ್ದನ್ನು ನಾವು ಎತ್ತಿ ಕೊಡುತ್ತಿದ್ದೆವು, ಅವನು ಮತ್ತೆ ಬಳಿಯುತ್ತಿದ್ದ. ಪದ್ಯ ಬರೆಯುವ ಕೈಗೆ ಅಂದು ಬೊಬ್ಬೆ ಬಂತು.

ಮೊದಲನೇ ದಿನ ಸಂಜೆ ಅವ್ವ ಪೊರಕೆ ತಗೊಂಡು ಬಂದಳು. ಗುಡಿಸೋದಕ್ಕೆ ಬಹಳ ಇರಲಿಲ್ಲ. ಎಲ್ಲ ಸೇರಿ ಒಂದು ಬಾಂಡ್ಲಿಯೂ ತುಂಬಲಿಲ್ಲ. ಅದನ್ನು ಬಾಗಿಲ ಮುಂದಿನ ಗುಂಡಿಗೆ ಸುರಿದು ಕಾಲಲ್ಲಿ ತುಳಿದು ಸಮ ಮಾಡಿದಳು. ಆಮೇಲೆ ಹೊಸ್ತಿಲ ಮೇಲೆ ಕೂತು ಹಸಿ ಗೋಡೆ ನೋಡುತ್ತಾ ಅಂದಳು:

'ಇಷ್ಟೇನಾ? ಹಿಂಗೂ ಮಾಡಬಹುದಾಗಿತ್ತಾ?'

ಅಪ್ಪ ಕರಣೆ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ.

'ಮಾಡಬಹುದಾಗಿತ್ತು' ಅಂದ. 'ಯಾರೂ ಕೇಳ್ಲಿಲ್ಲ.'